ಬೆಂಗಳೂರಿನ ಮೆಟ್ರೋ, ಬಸ್ಸು: ಪದೇ ಪದೇ ಕೇಳುವ ಪ್ರಶ್ನೆಗಳು

ಊರಿಂದ ಬಂದ ನೆಂಟರು, ಆಫೀಸಿಗೆ ಹೊಸದಾಗಿ ಸೇರಿದ ಹುಡುಗರು, ಪಕ್ಕದ ಮನೆಯ ಆಂಟಿ, ಎಲ್ಲರೂ ನನ್ನನ್ನು ಕೇಳುವ ಪ್ರಶ್ನೆಗಳು ಇವು. ನನ್ನ ಮನೆ ವಿಜಯನಗರದಲ್ಲಿ, ಕೆಲಸ ವೈಟ್‌ಫೀಲ್ಡ್‌ನಲ್ಲಿ. ಊರಿನ ಈ ತುದಿಯಿಂದ ಆ ತುದಿಗೆ ವರ್ಷಾನುಗಟ್ಟಲೆ ಬಸ್ಸಲ್ಲಿ ಓಡಾಡಿ, ಆಮೇಲೆ ಅರ್ಧ ಬಸ್ಸು ಅರ್ಧ ಮೆಟ್ರೋ ಅಂತ ಓಡಾಡಿ, ಈಗ ಹೆಚ್ಚಾಗಿ ಮೆಟ್ರೋದಲ್ಲಿ ಹೋಗುತ್ತೇನೆ. ಇಲ್ಲಿರುವ ಲೆಕ್ಕ, ದರ, ಸಮಯ ಎಲ್ಲ 2025ರ ಕೊನೆಯ ಹೊತ್ತಿನದ್ದು.

ಮೆಟ್ರೋ ಈಗ ಎಲ್ಲಿಂದ ಎಲ್ಲಿಗೆ ಓಡುತ್ತಿದೆ?

ಮೂರು ಮಾರ್ಗಗಳಿವೆ. ನೇರಳೆ ಮಾರ್ಗ ಪಶ್ಚಿಮದ ಚಲ್ಲಘಟ್ಟದಿಂದ ಪೂರ್ವದ ವೈಟ್‌ಫೀಲ್ಡ್ (ಕಾಡುಗೋಡಿ) ತನಕ, ಸುಮಾರು 43 ಕಿ.ಮೀ. ಹಸಿರು ಮಾರ್ಗ ತುಮಕೂರು ರಸ್ತೆಯ ಮಾದಾವರದಿಂದ ಕನಕಪುರ ರಸ್ತೆಯ ರೇಷ್ಮೆ ಸಂಸ್ಥೆ ತನಕ, ಸುಮಾರು 33 ಕಿ.ಮೀ. ಹಳದಿ ಮಾರ್ಗ ಆರ್‌.ವಿ. ರಸ್ತೆಯಿಂದ ಎಲೆಕ್ಟ್ರಾನಿಕ್ ಸಿಟಿ ದಾಟಿ ಬೊಮ್ಮಸಂದ್ರಕ್ಕೆ, 19 ಕಿ.ಮೀ ಚಿಲ್ಲರೆ. ಎಲ್ಲಾ ಸೇರಿ 96 ಕಿ.ಮೀ ಆಗುತ್ತದೆ.

ನೇರಳೆಯಿಂದ ಹಸಿರಿಗೆ ಬದಲಾಯಿಸಲು ಮೆಜೆಸ್ಟಿಕ್. ಹಸಿರಿನಿಂದ ಹಳದಿಗೆ ಆರ್‌.ವಿ. ರಸ್ತೆ. ಇವೆರಡು ನೆನಪಿದ್ದರೆ ಸದ್ಯಕ್ಕೆ ಸಾಕು.

ಮೆಟ್ರೋ ಬರೋಕೆ ಇಷ್ಟು ವರ್ಷ ಯಾಕೆ ಬೇಕಾಯ್ತು?

ಮಾತು ಹಳೆಯದು, ಕೆಲಸ ಹೊಸದು. 1994ರಲ್ಲೇ ನಗರಕ್ಕೆ ರೈಲು ತರಬೇಕು ಅಂತ ಒಂದು ಸರ್ಕಾರಿ ಕಂಪನಿ ಹುಟ್ಟಿತ್ತು. ಆಗ ಯೋಚನೆ ಇದ್ದದ್ದು ಕಂಬಗಳ ಮೇಲೆ ಓಡುವ ಲೈಟ್ ರೈಲಿನದು. ಅದು ಕಾಗದದಲ್ಲೇ ಉಳಿಯಿತು. ಆಮೇಲೆ 2003ರಲ್ಲಿ ದೆಹಲಿ ಮೆಟ್ರೋದವರು ಬೆಂಗಳೂರಿಗೆ ವಿವರವಾದ ಯೋಜನಾ ವರದಿ ಮಾಡಿಕೊಟ್ಟರು. 2006ರ ಜೂನ್ 24ರಂದು ಪ್ರಧಾನಿ ಮನಮೋಹನ್ ಸಿಂಗ್ ಅಡಿಗಲ್ಲು ಹಾಕಿದರು.

ಮೊದಲ ರೈಲು ಓಡಿದ್ದು 2011ರ ಅಕ್ಟೋಬರ್ 20ಕ್ಕೆ, ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ. 6.7 ಕಿ.ಮೀ, ಆರೇ ಸ್ಟೇಷನ್. ಆಗ ಜನ ಕೆಲಸಕ್ಕೆ ಹೋಗಲು ಹತ್ತಲಿಲ್ಲ, ನೋಡಲು ಹತ್ತಿದರು. ನಾವೂ ಒಂದು ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗಿ, ಈ ತುದಿಯಿಂದ ಆ ತುದಿಗೆ ಹೋಗಿ, ಅಲ್ಲೇ ಟೋಕನ್ ತಗೊಂಡು ವಾಪಸ್ ಬಂದಿದ್ದೆವು. ಅಜ್ಜಿಯೊಬ್ಬರು ಕಿಟಕಿಗೆ ಹಣೆ ಒತ್ತಿ ಹಲಸೂರನ್ನು ನೋಡುತ್ತಿದ್ದರು. ತಾವು ಹುಟ್ಟಿ ಬೆಳೆದ ಬೀದಿಯ ಮಹಡಿಗಳನ್ನು ಅಷ್ಟು ಎತ್ತರದಿಂದ ನೋಡಿದ್ದು ಅದೇ ಮೊದಲಂತೆ.

ಅಲ್ಲಿಂದ ತುಂಡು ತುಂಡಾಗಿ ಬೆಳೆಯಿತು. 2014ರ ಮಾರ್ಚ್‌ನಲ್ಲಿ ಸಂಪಿಗೆ ರಸ್ತೆಯಿಂದ ಪೀಣ್ಯ, 2015ರ ನವೆಂಬರ್‌ನಲ್ಲಿ ಮಾಗಡಿ ರಸ್ತೆಯಿಂದ ಮೈಸೂರು ರಸ್ತೆ, 2016ರ ಏಪ್ರಿಲ್ ಕೊನೆಗೆ ಕಬ್ಬನ್ ಪಾರ್ಕಿನಿಂದ ಮಾಗಡಿ ರಸ್ತೆ ತನಕದ ಸುರಂಗ. 2017ರ ಜೂನ್ 17ಕ್ಕೆ ಯಲಚೇನಹಳ್ಳಿ ತನಕದ ಹಸಿರು ಮಾರ್ಗ ತೆರೆದಾಗ ಮೊದಲ ಹಂತದ 42.3 ಕಿ.ಮೀ ಪೂರ್ತಿಯಾಯಿತು. ಅಂದರೆ ಅಡಿಗಲ್ಲಿನಿಂದ ಲೆಕ್ಕ ಹಾಕಿದರೆ ಹನ್ನೊಂದು ವರ್ಷ. ಜಾಗ ವಶಪಡಿಸಿಕೊಳ್ಳುವುದು, ಕೋರ್ಟು, ನೆಲದಡಿಯ ಬಂಡೆ, ರೈಲ್ವೆ ಹಳಿ ದಾಟಲು ಅನುಮತಿ, ಎಲ್ಲವೂ ಸಮಯ ತಿಂದವು.

ಎಲ್ಲವನ್ನೂ ನೆಲದಡಿಯಲ್ಲೇ ಮಾಡಬಹುದಿತ್ತು ಅಲ್ವಾ?

ದುಡ್ಡಿದ್ದರೆ ಮಾಡಬಹುದಿತ್ತು. ಸುರಂಗದ ಒಂದು ಕಿ.ಮೀಗೆ ಕಂಬದ ಮೇಲಿನ ದಾರಿಗಿಂತ ಎರಡರಿಂದ ಮೂರು ಪಟ್ಟು ಖರ್ಚು ಬರುತ್ತದೆ. ಸಮಯವೂ ಜಾಸ್ತಿ. ಅದಕ್ಕೇ ರಸ್ತೆ ತೀರಾ ಇಕ್ಕಟ್ಟಾದ ಕಡೆ ಮಾತ್ರ ನೆಲದಡಿಗೆ ಹೋದರು. ಮೊದಲ ಹಂತದಲ್ಲಿ 8.8 ಕಿ.ಮೀ ಮಾತ್ರ ಸುರಂಗ. ಕಬ್ಬನ್ ಪಾರ್ಕ್, ವಿಧಾನಸೌಧ, ಸೆಂಟ್ರಲ್ ಕಾಲೇಜು, ಮೆಜೆಸ್ಟಿಕ್, ಸಿಟಿ ರೈಲ್ವೆ ಸ್ಟೇಷನ್, ಚಿಕ್ಕಪೇಟೆ, ಕೆ.ಆರ್. ಮಾರ್ಕೆಟ್, ಈ ಏಳು ಸ್ಟೇಷನ್‌ಗಳು ನೆಲದಡಿ ಇವೆ. ಚಿಕ್ಕಪೇಟೆಯ ಓಣಿಗಳಲ್ಲಿ ಕಂಬ ನಿಲ್ಲಿಸುವುದನ್ನು ಒಮ್ಮೆ ಊಹಿಸಿಕೊಳ್ಳಿ, ಕಾರಣ ಗೊತ್ತಾಗುತ್ತದೆ.

ಆದರೂ ಒಂದು ಮಾತು ಹೇಳಬೇಕು. ಎಂ.ಜಿ. ರಸ್ತೆಯ ಪಕ್ಕ ಮರಗಳ ಸಾಲಿನ ಕೆಳಗೆ ನಡೆಯಲು ಒಂದು ಉದ್ದ ದಾರಿ ಇತ್ತು. ಅದರ ಮೇಲೆ ಬೋಗನ್‌ವಿಲ್ಲಾ ಹೂವು ಸುರಿಯುತ್ತಿತ್ತು. ಮೆಟ್ರೋಗಾಗಿ ಅದು ಹೋಯಿತು. ಅದೇ ಜಾಗದಲ್ಲಿ ಹಳಿಯ ಕೆಳಗೆ 2013ರಲ್ಲಿ ರಂಗೋಲಿ ಕಲಾ ಕೇಂದ್ರ ಬಂತು. ಅದು ಚೆನ್ನಾಗಿದೆ, ಮಕ್ಕಳನ್ನು ಕರೆದುಕೊಂಡು ಹೋಗಿ. ಆದರೆ ಹಳೆಯ ನೆರಳು ನೆನಪಿರುವವರಿಗೆ ಆ ನೋವು ಇನ್ನೂ ಇದೆ. ಜಯನಗರದ ನಂದಾ ರಸ್ತೆಯ ಬಳಿ ಮರಗಳಿಗಾಗಿ ಜನ ಬೀದಿಗಿಳಿದದ್ದೂ ಸುಮ್ನೆ ಅಲ್ಲ.

ಸುರಂಗ ಕೊರೆಯೋದು ಹೇಗೆ? ಮೇಲಿನ ಮನೆಗಳಿಗೆ ತೊಂದರೆ ಆಗಲ್ವಾ?

ಟಿಬಿಎಂ ಅನ್ನುವ ದೊಡ್ಡ ಯಂತ್ರ ಇದೆ. ಅದರ ಮುಖ ಆರು ಮೀಟರಿಗಿಂತ ಜಾಸ್ತಿ ಅಗಲ, ದುಂಡಗಿನ ಹಲ್ಲುಗಳ ತಟ್ಟೆ. ಅದು ತಿರುಗುತ್ತಾ ಮಣ್ಣು, ಬಂಡೆ ಎರಡನ್ನೂ ಅರೆಯುತ್ತದೆ. ಹಿಂದೆಯೇ ಕಾಂಕ್ರೀಟಿನ ತುಂಡುಗಳನ್ನು ಬಳೆಯಂತೆ ಜೋಡಿಸುತ್ತಾ ಹೋಗುತ್ತಾರೆ. ಒಂದು ಬಳೆ ಕೂತ ಮೇಲೆ ಯಂತ್ರ ಅದನ್ನೇ ಒದ್ದುಕೊಂಡು ಮುಂದೆ ಸರಿಯುತ್ತದೆ.

ಬೆಂಗಳೂರಿನ ನೆಲ ಇದಕ್ಕೆ ಕಷ್ಟದ ನೆಲ. ಒಂದು ಕಡೆ ಗಟ್ಟಿ ಕಗ್ಗಲ್ಲು, ಪಕ್ಕದಲ್ಲೇ ಮೆತ್ತಗಿನ ಮಣ್ಣು. ಯಂತ್ರದ ಅರ್ಧ ಮುಖ ಬಂಡೆಯಲ್ಲಿ, ಅರ್ಧ ಮಣ್ಣಿನಲ್ಲಿ ಸಿಕ್ಕಿಕೊಂಡರೆ ಹಲ್ಲು ಬೇಗ ಸವೆಯುತ್ತದೆ. ಮೊದಲ ಹಂತದಲ್ಲಿ ಗೋದಾವರಿ ಅನ್ನುವ ಯಂತ್ರ ಕೆಟ್ಟು ನಿಂತು ತಿಂಗಳುಗಟ್ಟಲೆ ಕಾಯಿಸಿತ್ತು. ಆ ಅನುಭವ ಇನ್ನೂ ತೆರೆಯಬೇಕಿರುವ ಗುಲಾಬಿ ಮಾರ್ಗದಲ್ಲಿ ಕೆಲಸಕ್ಕೆ ಬಂತು. ಡೈರಿ ಸರ್ಕಲ್‌ನಿಂದ ನಾಗವಾರದವರೆಗೆ ಒಂಬತ್ತು ಯಂತ್ರಗಳು 2020ರಿಂದ 2024ರ ತನಕ ಎರಡೂ ಬದಿ ಸೇರಿ ಸುಮಾರು 21 ಕಿ.ಮೀ ಕೊರೆದವು. ಊರ್ಜಾ, ವಿಂಧ್ಯಾ, ಅವನಿ, ಲವಿ, ರುದ್ರ ಅಂತ ಅವಕ್ಕೆ ಹೆಸರು. ತುಂಗಾ, ಭದ್ರಾ, ವರದಾ ಅಂತ ನಮ್ಮ ನದಿಗಳ ಹೆಸರೂ ಇದ್ದವು.

ಮೇಲಿನ ಮನೆಗಳನ್ನು ಮೊದಲೇ ಪರೀಕ್ಷೆ ಮಾಡುತ್ತಾರೆ, ಗೋಡೆಗೆ ಅಳತೆಯ ಸಾಧನ ಅಂಟಿಸುತ್ತಾರೆ. ಕಂಪನ ಇದ್ದೇ ಇರುತ್ತದೆ. ಬಿರುಕು ಕಂಡರೆ ತಕ್ಷಣ ಫೋಟೋ ತೆಗೆದು, ದಿನಾಂಕ ಬರೆದು ದೂರು ಕೊಡಿ. ಕೆಲಸ ಶುರುವಾಗುವ ಮುಂಚೆಯೇ ಮನೆಯ ಫೋಟೋ ತೆಗೆದಿಟ್ಟುಕೊಂಡವರಿಗೆ ಇದು ಸುಲಭ.

ಬಸ್ಸುಗಳು ಯಾವಾಗಿನಿಂದ ಇವೆ?

1940ರಲ್ಲಿ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ 98 ಬಸ್ಸುಗಳೊಂದಿಗೆ ಶುರುವಾಯಿತು. 1956ರಲ್ಲಿ ಅದನ್ನು ಸರ್ಕಾರ ತಗೊಂಡಿತು, ಬಿಟಿಎಸ್ ಆಯಿತು. ನಮ್ಮ ಅಪ್ಪ ಅಮ್ಮನ ಬಾಯಲ್ಲಿ ಇವತ್ತಿಗೂ ಅದು "ಬಿಟಿಎಸ್ ಬಸ್ಸು". ಆಮೇಲೆ ಕೆಎಸ್‌ಆರ್‌ಟಿಸಿ ಅಡಿಯಲ್ಲಿತ್ತು. 1997ರ ಆಗಸ್ಟ್ 15ಕ್ಕೆ ಬೇರೆಯಾಗಿ ಬಿಎಂಟಿಸಿ ಆಯಿತು. 2006ರಲ್ಲಿ ವೋಲ್ವೋ ಬಸ್ಸುಗಳು ಬಂದವು, ಅವೇ ವಜ್ರ. ಈಗ ಆರು ಸಾವಿರಕ್ಕಿಂತ ಜಾಸ್ತಿ ಬಸ್ಸುಗಳಿವೆ, ಅದರಲ್ಲಿ ಎಲೆಕ್ಟ್ರಿಕ್ ಬಸ್ಸುಗಳ ಪಾಲು ಏರುತ್ತಾ ಇದೆ.

ಬಸ್ ನಂಬರ್‌ಗೆ ಏನಾದರೂ ಲೆಕ್ಕ ಇದೆಯಾ? ಬಾಯಿಪಾಠ ಮಾಡೋದೇ ದಾರಿನಾ?

ಲೆಕ್ಕ ಇದೆ, ತುಂಬಾ ಚೆಂದದ ಲೆಕ್ಕ. ಬೆಂಗಳೂರಲ್ಲೇ ಹುಟ್ಟಿದ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ.

ಮನಸ್ಸಿನಲ್ಲೇ ಮೆಜೆಸ್ಟಿಕ್ ಬಸ್ ಸ್ಟ್ಯಾಂಡಿನಲ್ಲಿ ನಿಂತುಕೊಳ್ಳಿ. ದಕ್ಷಿಣಕ್ಕೆ ಮುಖ ಮಾಡಿ. ಈಗ ಗಡಿಯಾರದ ಮುಳ್ಳಿನಂತೆ ನಿಧಾನಕ್ಕೆ ಬಲಕ್ಕೆ ತಿರುಗುತ್ತಾ ಹೋಗಿ. ಎದುರಿಗೆ ಉತ್ತರಹಳ್ಳಿ ಕಡೆಗೆ 210ರ ಬಸ್ಸುಗಳು. ಸ್ವಲ್ಪ ತಿರುಗಿದರೆ ಮೈಸೂರು ರಸ್ತೆ, ಕೆಂಗೇರಿ, ಬಿಡದಿ, ಅಲ್ಲಿ 220ರ ಆಸುಪಾಸು. ಇನ್ನೂ ತಿರುಗಿದರೆ ಮಾಗಡಿ ರಸ್ತೆ, 240ರ ಆಸುಪಾಸು. ಪೀಣ್ಯ, ನೆಲಮಂಗಲದ ಕಡೆ 250ರ ಮೇಲೆ. ನೇರ ಉತ್ತರಕ್ಕೆ ಹೆಬ್ಬಾಳ, ಯಲಹಂಕ, ಅಲ್ಲಿ 280ರ ಮೇಲಿನವು. ಪೂರ್ವಕ್ಕೆ ತಿರುಗುವ ಹೊತ್ತಿಗೆ 300 ದಾಟಿರುತ್ತೀರಿ: ಹೊಸಕೋಟೆಗೆ 317, ವೈಟ್‌ಫೀಲ್ಡ್ ಕಡೆಗೆ 335. ಸರ್ಜಾಪುರಕ್ಕೆ 342, ಹೊಸೂರು ರಸ್ತೆಗೆ 356, ಬನ್ನೇರುಘಟ್ಟಕ್ಕೆ 365. ಒಂದು ಸುತ್ತು ಹೆಚ್ಚುಕಮ್ಮಿ ಮುಗಿಯಿತು, ಮತ್ತೆ ದಕ್ಷಿಣಕ್ಕೆ ಬಂದಿರಿ.

ನಂಬರಿನ ಪಕ್ಕದ ಅಕ್ಷರ ಅದೇ ದಾರಿಯ ಕವಲು ತೋರಿಸುತ್ತದೆ. 356 ನೋಡಿದರೆ ಹೊಸೂರು ರಸ್ತೆ ಅಂತ ಗೊತ್ತಾಗುತ್ತದೆ, ಕೊನೆಗೆ ಎಲ್ಲಿಗೆ ಅನ್ನೋದನ್ನು ಅಕ್ಷರ ಹೇಳುತ್ತದೆ. 500ರಿಂದ ಶುರುವಾಗುವವು ಹೊರವರ್ತುಲ ರಸ್ತೆಯವು, ಮೆಜೆಸ್ಟಿಕ್‌ಗೆ ಬರುವುದೇ ಇಲ್ಲ. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಹೋಗುವ 500ಡಿ ಹತ್ತದ ಐಟಿ ಕೆಲಸಗಾರ ಕಡಿಮೆ. ನಂಬರಿನ ಮುಂದೆ ವಿ ಇದ್ದರೆ ವಜ್ರ, ಎಸಿ ಬಸ್ಸು. ಕೆಐಎ ಅಂತಿದ್ದರೆ ಏರ್‌ಪೋರ್ಟಿನದು. ಎಂಎಫ್ ಅಂತಿದ್ದರೆ ಮೆಟ್ರೋ ಸ್ಟೇಷನ್ನಿಗೆ ಜನರನ್ನು ತಂದು ಬಿಡುವ ಫೀಡರ್.

ಈ ಲೆಕ್ಕಕ್ಕೆ ಹೊರತಾದ ಬಸ್ಸುಗಳೂ ಇವೆ. ಆದರೆ ಗೊತ್ತಿಲ್ಲದ ಸ್ಟಾಪಿನಲ್ಲಿ ನಿಂತಾಗ, ಬರುವ ಬಸ್ಸು ಊರಿನ ಯಾವ ದಿಕ್ಕಿನದು ಅಂತ ಊಹಿಸಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಸಿಕ್ಕಿಲ್ಲ.

ಮೆಟ್ರೋ ಬಂದ ಮೇಲೂ ಬಸ್ಸು ಬೇಕಾ?

ಬೇಕು. ಇನ್ನೂ ಜಾಸ್ತಿ ಬೇಕು. ಈ ಪ್ರಶ್ನೆಗೆ ನನ್ನ ಓಡಾಟವನ್ನೇ ಉದಾಹರಣೆಯಾಗಿ ಹೇಳುತ್ತೇನೆ.

ಮೊದಲು ನಾನು ವಿಜಯನಗರದಿಂದ ಮೆಜೆಸ್ಟಿಕ್‌ಗೆ ಒಂದು ಬಸ್ಸು, ಅಲ್ಲಿಂದ 335ಇ ಹಿಡಿದು ವೈಟ್‌ಫೀಲ್ಡ್‌ಗೆ ಹೋಗುತ್ತಿದ್ದೆ. ಮಳೆ ಬಂದ ಸಂಜೆ ಎರಡೂವರೆ ಗಂಟೆ. ಮಾರತ್‌ಹಳ್ಳಿ ಸೇತುವೆ ಹತ್ತಿರ ಡ್ರೈವರ್ ಎಂಜಿನ್ ಆಫ್ ಮಾಡಿ ಕೂತರೆ ಒಳಗೆ ಎಲ್ಲರೂ ಮನೆಗೆ ಫೋನ್ ಮಾಡುವ ಸದ್ದು, "ಊಟ ಮಾಡ್ಬಿಡಿ, ನಾನು ಬರೋದು ಲೇಟು" ಅಂತ.

2023ರ ಮಾರ್ಚ್ ಕೊನೆಗೆ ಕೆ.ಆರ್. ಪುರದಿಂದ ವೈಟ್‌ಫೀಲ್ಡ್‌ಗೆ ಮೆಟ್ರೋ ಬಂತು. ಆದರೆ ಬೈಯಪ್ಪನಹಳ್ಳಿ ಮತ್ತು ಕೆ.ಆರ್. ಪುರದ ನಡುವೆ ಎರಡು ಕಿ.ಮೀ ಚಿಲ್ಲರೆ ಖಾಲಿ ಉಳಿಯಿತು. ಬೆನ್ನಿಗಾನಹಳ್ಳಿಯ ಹತ್ತಿರ ರೈಲ್ವೆ ಹಳಿಯ ಮೇಲೆ ಉಕ್ಕಿನ ಸೇತುವೆ ಕೂರಿಸಬೇಕಿತ್ತು. ಆರು ತಿಂಗಳು ಈ ಎರಡು ತುಂಡುಗಳನ್ನು ಜೋಡಿಸಿದ್ದು ಫೀಡರ್ ಬಸ್ಸು. ಬೈಯಪ್ಪನಹಳ್ಳಿಯಲ್ಲಿ ರೈಲು ನಿಂತ ಕೂಡಲೇ ನೂರಾರು ಜನ ಮೆಟ್ಟಿಲಿಳಿದು ಓಡುವುದು, ಕೆಳಗೆ ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತಾ "ಕೇಆರ್ ಪುರ ಕೇಆರ್ ಪುರ, ಒಳಗೆ ಹೋಗಿ, ಒಳಗೆ ಜಾಗ ಇದೆ" ಅಂತ ಕೂಗುವುದು. ಹತ್ತು ನಿಮಿಷದ ದಾರಿ. ಆ ಬಸ್ಸು ಎದುರಿಗೆ ನಿಂತಿದ್ದ ದಿನ ಆಫೀಸಿಗೆ ಸರಿಯಾದ ಹೊತ್ತಿಗೆ ತಲುಪುತ್ತಿದ್ದೆ. ಕಾಯಬೇಕಾಗಿ ಬಂದ ದಿನ ಮೆಟ್ರೋದಲ್ಲಿ ಉಳಿಸಿದ ಸಮಯವೆಲ್ಲ ಅಲ್ಲೇ ಕಳೆದುಹೋಗುತ್ತಿತ್ತು.

2023ರ ಅಕ್ಟೋಬರ್ 9ಕ್ಕೆ ಆ ಜಾಗ ತುಂಬಿತು. ಈಗ ವಿಜಯನಗರದಲ್ಲಿ ಹತ್ತಿದರೆ ಸುಮಾರು ಒಂದು ಗಂಟೆಯಲ್ಲಿ ವೈಟ್‌ಫೀಲ್ಡ್ ಕಡೆ ಇಳಿಯಬಹುದು. ಆದರೆ ಆ ಆರು ತಿಂಗಳಲ್ಲಿ ನನಗೆ ಒಂದು ವಿಷಯ ಮನಸ್ಸಿಗೆ ಗಟ್ಟಿಯಾಗಿ ಕೂತಿತು. ಸಾವಿರಾರು ಕೋಟಿಯ ಹಳಿಯ ಬೆಲೆ, ಸ್ಟೇಷನ್ ಕೆಳಗೆ ನಿಂತಿರುವ ಬಸ್ಸಿನ ಮೇಲೆ ನಿಂತಿದೆ. ನನಗೆ ಬೆನ್ನಿಗಾನಹಳ್ಳಿಯಲ್ಲಿ ಇದ್ದ ಖಾಲಿ ಜಾಗ ಇನ್ನೊಬ್ಬರಿಗೆ ವರ್ತೂರಿನಲ್ಲಿ ಇದೆ, ಮತ್ತೊಬ್ಬರಿಗೆ ಅಂಜನಾಪುರದ ಒಳಗಿನ ಬಡಾವಣೆಯಲ್ಲಿ ಇದೆ. ಅವರ ಎರಡು ಕಿ.ಮೀಗೆ ಸೇತುವೆ ಕಟ್ಟುವವರಿಲ್ಲ. ಅಲ್ಲಿಗೆ ಬಸ್ಸೇ ಬೇಕು.

ಫೀಡರ್ ಬಸ್ಸು ಅಂದರೆ ಏನು? ನಂಬಬಹುದಾ?

ಸ್ಟೇಷನ್ನಿನಿಂದ ಹತ್ತಿರದ ಬಡಾವಣೆಗಳಿಗೆ ಸುತ್ತುವ ಚಿಕ್ಕ ದಾರಿಯ ಬಸ್ಸು. ಎಷ್ಟೋ ಕಡೆ 9 ಮೀಟರಿನ ಚಿಕ್ಕ ಎಲೆಕ್ಟ್ರಿಕ್ ಬಸ್ಸುಗಳು ಓಡುತ್ತವೆ, ಒಳರಸ್ತೆಯಲ್ಲೂ ನುಗ್ಗುತ್ತವೆ. ಬೆಳಗ್ಗೆ ಮತ್ತು ಸಂಜೆಯ ಜನ ಜಾಸ್ತಿ ಇರುವ ಹೊತ್ತಿನಲ್ಲಿ ನಂಬಬಹುದು. ಮಧ್ಯಾಹ್ನ, ರಾತ್ರಿ ಒಂಬತ್ತರ ಮೇಲೆ ಅಂತರ ಜಾಸ್ತಿಯಾಗುತ್ತದೆ. ಹೊರಡುವ ಮುಂಚೆ ನಮ್ಮ ಬಿಎಂಟಿಸಿ ಆ್ಯಪ್‌ನಲ್ಲಿ ಬಸ್ಸು ಎಲ್ಲಿದೆ ಅಂತ ನೋಡಿಕೊಳ್ಳಿ.

ನನ್ನ ಅಭಿಪ್ರಾಯ ಕೇಳಿದರೆ, ಫೀಡರ್‌ಗೆ ಮುಖ್ಯವಾದದ್ದು ಬಸ್ಸಿನ ಅಂದ ಅಲ್ಲ, ಹತ್ತು ನಿಮಿಷಕ್ಕೊಂದು ಬರುತ್ತದೆ ಅನ್ನುವ ಭರವಸೆ. ಅದು ಇದ್ದರೆ ಜನ ಗಡಿಯಾರ ನೋಡುವುದನ್ನೇ ಬಿಡುತ್ತಾರೆ, ಸ್ಕೂಟರ್ ಮನೆಯಲ್ಲೇ ನಿಲ್ಲುತ್ತದೆ.

ಸ್ಟೇಷನ್ ಒಂದು ಕಿ.ಮೀ ದೂರ ಇದೆ. ನಡೆದು ಹೋಗಬಹುದಾ?

ದೂರದ ಲೆಕ್ಕದಲ್ಲಿ ಹನ್ನೆರಡು ನಿಮಿಷ. ಫುಟ್‌ಪಾತ್ ಇದ್ದರೆ ಖಂಡಿತ ನಡೆಯಿರಿ. ಕಳೆದ ವರ್ಷ ಒಂದು ಸ್ಟೇಷನ್ನಿನಿಂದ ಗೆಳೆಯರ ಮನೆಗೆ ನಡೆಯುವಾಗ ಚಪ್ಪಡಿ ಕಲ್ಲು ಮೇಲೆದ್ದ ಜಾಗದಲ್ಲಿ ಎಡವಿ ನನ್ನ ಮೊಣಕಾಲು ಕೆತ್ತಿಹೋಯಿತು. ಪಕ್ಕದ ಎಳನೀರಿನವರು ಕೂರಿಸಿ ನೀರು ಹಾಕಿ ತೊಳೆದರು. "ವಾರಕ್ಕೆ ಇಬ್ಬರು ಮೂವರು ಬೀಳ್ತಾರೆ ಇಲ್ಲಿ" ಅಂದರು. ಸ್ಟೇಷನ್ ಸುತ್ತಲಿನ ಒಂದು ಕಿ.ಮೀ ಫುಟ್‌ಪಾತ್ ಕೂಡ ಮೆಟ್ರೋದ್ದೇ ಭಾಗ ಅಂತ ಎಣಿಸಿದರೆ ಇದು ಸರಿಹೋಗುತ್ತದೆ. ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಸ್ಟೇಷನ್ ಒಳಗಿನ ಲಿಫ್ಟ್ ಚಿಂತೆ ಮಾಡಬೇಕಿಲ್ಲ, ಅದು ಇದೆ. ಲಿಫ್ಟಿನ ತನಕ ಹೋಗುವ ದಾರಿಯನ್ನು ಮೊದಲು ನೋಡಿಕೊಳ್ಳಿ.

ಹಳದಿ ಮಾರ್ಗ ರೆಡಿ ಇದ್ದರೂ ಯಾಕೆ ಶುರುವಾಗಿರಲಿಲ್ಲ?

ಹಳಿ, ಸ್ಟೇಷನ್ ರೆಡಿ, ರೈಲು ಇಲ್ಲ. ಬೋಗಿಗಳು ಬರುವುದು ತುಂಬಾ ತಡವಾಯಿತು. 2025ರ ಆಗಸ್ಟ್‌ನಲ್ಲಿ ಮೂರೇ ರೈಲುಗಳೊಂದಿಗೆ ಶುರು ಮಾಡಿದರು. ಹಾಗಾಗಿ 25 ನಿಮಿಷಕ್ಕೊಂದು ರೈಲು. ಬಂದ ರೈಲು ತಪ್ಪಿದರೆ ಪ್ಲಾಟ್‌ಫಾರ್ಮಿನಲ್ಲಿ ಒಂದು ಕಾಫಿ ಕುಡಿದು ಮುಗಿಸುವಷ್ಟು ಹೊತ್ತು. ಒಂದೊಂದೇ ರೈಲು ಸೇರಿದಂತೆ ಅಂತರ ಕಡಿಮೆಯಾಗುತ್ತಾ ಬಂದಿದೆ. ಅಷ್ಟಾದರೂ ಸಿಲ್ಕ್ ಬೋರ್ಡ್ ಜಂಕ್ಷನ್ ಮೇಲೆ ಹಾದು ಹೋಗುವಾಗ ಕೆಳಗಿನ ವಾಹನದ ಸಾಲು ನೋಡಿದರೆ ಕಾದದ್ದು ಸಾರ್ಥಕ ಅನ್ನಿಸುತ್ತದೆ. ಈ ಮಾರ್ಗ ತೆರೆದ ಮೊದಲ ದಿನವೇ ಇಡೀ ಮೆಟ್ರೋದಲ್ಲಿ ಓಡಾಡಿದವರ ಸಂಖ್ಯೆ 10 ಲಕ್ಷ ದಾಟಿತು.

ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್ ತನಕ ಇದೇ ಕಂಬಗಳಿಗೆ ಎರಡು ಕೆಲಸ. ಕೆಳಗಿನ ಅಂತಸ್ತಿನಲ್ಲಿ ವಾಹನದ ಮೇಲ್ಸೇತುವೆ, ಅದರ ಮೇಲೆ ಮೆಟ್ರೋ.

ಟಿಕೆಟ್ ಎಷ್ಟು?

ಮೆಟ್ರೋ ದರ 2025ರ ಫೆಬ್ರವರಿ 9ರಿಂದ ಏರಿತು. ಕನಿಷ್ಠ 10 ರೂಪಾಯಿ, ಗರಿಷ್ಠ 90. ಅದಕ್ಕೂ ಮುಂಚೆ ಗರಿಷ್ಠ 60 ಇತ್ತು. ಕೆಲವು ದೂರಗಳಿಗೆ ಏರಿಕೆ ತೀರಾ ಜಾಸ್ತಿಯಾಯಿತು ಅಂತ ಜನ ಗಲಾಟೆ ಮಾಡಿದ ಮೇಲೆ ಸ್ವಲ್ಪ ಇಳಿಸಿದರು. ಸ್ಮಾರ್ಟ್ ಕಾರ್ಡ್ ಇದ್ದರೆ ಶೇ 5 ರಿಯಾಯಿತಿ, ಜನ ಕಡಿಮೆ ಇರುವ ಹೊತ್ತಿನಲ್ಲಿ ಇನ್ನೂ ಶೇ 5. ವಾಟ್ಸ್ಆ್ಯಪ್‌ನಲ್ಲೂ ಕ್ಯೂಆರ್ ಟಿಕೆಟ್ ಸಿಗುತ್ತದೆ.

ಬಸ್ ದರ 2025ರ ಜನವರಿ 5ರಿಂದ ಶೇ 15 ಏರಿತು. ಸಾಮಾನ್ಯ ಬಸ್ಸಿನ ಮೊದಲ ಸ್ಟೇಜಿಗೆ 6 ರೂಪಾಯಿ, ದಿನದ ಪಾಸ್ 80. ದೂರ ದೂರಕ್ಕೆ ಹಲವು ಬಸ್ಸು ಹತ್ತಿ ಇಳಿಯುವ ದಿನ ಪಾಸ್ ತಗೊಳ್ಳುವುದೇ ಲಾಭ.

ನನಗೆ ಬೇಸರ ಇರುವುದು ಇಲ್ಲಿ. ಬಸ್ಸಿನಿಂದ ಮೆಟ್ರೋಗೆ, ಮೆಟ್ರೋದಿಂದ ಬಸ್ಸಿಗೆ ಬದಲಾಯಿಸುವವರು ಪ್ರತಿ ಸಲ ಮೊದಲಿನಿಂದ ದುಡ್ಡು ಕೊಡುತ್ತಾರೆ. ಮನೆ ಸ್ಟೇಷನ್ನಿಗೆ ದೂರ ಇರುವವರೇ ಕಡಿಮೆ ಬಾಡಿಗೆಯ ಮನೆಯಲ್ಲಿ ಇರುವವರು. ಹಾಗಾಗಿ ಎರಡೆರಡು ಟಿಕೆಟ್‌ನ ಭಾರ ಅವರ ಮೇಲೇ ಜಾಸ್ತಿ ಬೀಳುತ್ತದೆ. ಮನೆ ಬಾಗಿಲಿನಿಂದ ಆಫೀಸ್ ಬಾಗಿಲಿನ ತನಕ ಒಂದೇ ಟಿಕೆಟ್ ಆಗಬೇಕು.

ಶಕ್ತಿ ಯೋಜನೆ ಮೆಟ್ರೋಗೂ ಇದೆಯಾ?

ಇಲ್ಲ. 2023ರ ಜೂನ್ 11ರಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಬಿಎಂಟಿಸಿಯ ಸಾಮಾನ್ಯ ಬಸ್ಸುಗಳು ಉಚಿತ. ವಜ್ರ, ವಾಯುವಜ್ರದಂಥ ಎಸಿ ಬಸ್ಸಿಗೆ, ಮೆಟ್ರೋಗೆ ಇಲ್ಲ. ಗುರುತಿನ ಚೀಟಿ ತೋರಿಸಿ ಶೂನ್ಯ ಬೆಲೆಯ ಟಿಕೆಟ್ ತಗೊಳ್ಳಲೇಬೇಕು, ಮರೆಯಬೇಡಿ. ನಮ್ಮ ಮನೆಗೆ ಕೆಲಸಕ್ಕೆ ಬರುವ ಅಕ್ಕ ಮೊದಲು ಎರಡು ಸ್ಟಾಪ್ ನಡೆದು ದುಡ್ಡು ಉಳಿಸುತ್ತಿದ್ದರು. ಈಗ ಬಸ್ಸಲ್ಲೇ ಬರುತ್ತಾರೆ, ಸಂಜೆ ಇನ್ನೊಂದು ಮನೆಯ ಕೆಲಸವನ್ನೂ ಹಿಡಿದಿದ್ದಾರೆ.

ಬಸ್ಸಿಗೇ ಅಂತ ಒಂದು ಲೇನ್ ಇತ್ತಲ್ಲ, ಏನಾಯ್ತು?

2019ರ ಕೊನೆಗೆ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದ ಕಡೆಗೆ ಹೊರವರ್ತುಲ ರಸ್ತೆಯಲ್ಲಿ ಎಡಗಡೆಯ ಲೇನನ್ನು ಬಸ್ಸಿಗೆ ಬಿಟ್ಟಿದ್ದರು, ಗೂಟ ನೆಟ್ಟಿದ್ದರು. ಪಕ್ಕದಲ್ಲಿ ಕಾರುಗಳು ನಿಂತಿರುವಾಗ 500ಡಿ ಸುಯ್ಯನೆ ಹೋಗುವುದನ್ನು ಈ ಊರು ಮೊದಲ ಸಲ ನೋಡಿತು. ಆಮೇಲೆ ಅದೇ ರಸ್ತೆಯಲ್ಲಿ ಏರ್‌ಪೋರ್ಟಿಗೆ ಹೋಗಲಿರುವ ನೀಲಿ ಮೆಟ್ರೋ ಮಾರ್ಗದ ಕಂಬದ ಕೆಲಸ ಶುರುವಾಯಿತು, ಲೇನ್ ಕರಗಿಹೋಯಿತು. ಕಂಬದ ಕೆಲಸ ಮುಗಿದ ದಿನವೇ ಅದು ವಾಪಸ್ ಬರಬೇಕು. ಮೆಟ್ರೋ ಓಡುವ ರಸ್ತೆಯಲ್ಲಿ ಬಸ್ ಲೇನ್ ಯಾಕೆ ಅಂತ ಕೆಲವರು ಕೇಳುತ್ತಾರೆ. ಎರಡು ಸ್ಟೇಷನ್ನಿನ ನಡುವೆ ಇಳಿಯಬೇಕಾದವರು ಸಾವಿರಾರು ಜನ ಇದ್ದಾರೆ, ಅವರಿಗಾಗಿ.

ಏರ್‌ಪೋರ್ಟಿಗೆ ಮೆಟ್ರೋ ಯಾವಾಗ?

ಕೆಲಸ ನಡೆಯುತ್ತಿದೆ. ಸಿಲ್ಕ್ ಬೋರ್ಡ್, ಕೆ.ಆರ್. ಪುರ, ಹೆಬ್ಬಾಳ, ಯಲಹಂಕದ ಮೇಲೆ ಹೋಗುವ ನೀಲಿ ಮಾರ್ಗ ಇದು, ಸುಮಾರು 58 ಕಿ.ಮೀ. ಕೇಂದ್ರದ ಒಪ್ಪಿಗೆ ಸಿಕ್ಕಿದ್ದು 2021ರಲ್ಲಿ. ಅಲ್ಲಿಯ ತನಕ ಕೆಐಎ ಬಸ್ಸುಗಳೇ ಗತಿ, ಅವು ಚೆನ್ನಾಗಿಯೇ ಇವೆ. ಸೂಟ್‌ಕೇಸ್ ಇಡಲು ಜಾಗ ಇದೆ, ಟ್ಯಾಕ್ಸಿಗಿಂತ ತುಂಬಾ ಅಗ್ಗ.

ಮುಂದೆ ಏನೇನು ಬರುತ್ತದೆ?

ಗುಲಾಬಿ ಮಾರ್ಗ ಬನ್ನೇರುಘಟ್ಟ ರಸ್ತೆಯ ಕಾಳೇನ ಅಗ್ರಹಾರದಿಂದ ನಾಗವಾರಕ್ಕೆ, 21 ಕಿ.ಮೀ ಚಿಲ್ಲರೆ. ಅದರಲ್ಲಿ 12 ಸ್ಟೇಷನ್ ನೆಲದಡಿ. ಶಿವಾಜಿನಗರ, ಟ್ಯಾನರಿ ರಸ್ತೆಯಂಥ ಕಡೆಗೆ ಮೆಟ್ರೋ ಹೋಗುವುದು ಇದೇ ಮೊದಲು, ಹಾಗಾಗಿ ನಾನು ಜಾಸ್ತಿ ಕಾಯುತ್ತಿರುವುದು ಇದಕ್ಕೇ. ಕಿತ್ತಳೆ ಮಾರ್ಗಕ್ಕೆ, ಅಂದರೆ ಮೂರನೇ ಹಂತಕ್ಕೆ, 2024ರ ಆಗಸ್ಟ್‌ನಲ್ಲಿ ಕೇಂದ್ರ ಒಪ್ಪಿಗೆ ಕೊಟ್ಟಿತು: ಜೆ.ಪಿ. ನಗರದಿಂದ ಕೆಂಪಾಪುರ, ಹೊಸಹಳ್ಳಿಯಿಂದ ಕಡಬಗೆರೆ, ಎರಡೂ ಸೇರಿ 44.65 ಕಿ.ಮೀ. ಇದರ ಜೊತೆಗೆ ಉಪನಗರ ರೈಲು ಬೇರೆ ಇದೆ. 148 ಕಿ.ಮೀ, ನಾಲ್ಕು ದಾರಿ. ಅವಕ್ಕೆ ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಅಂತ ಹೂವಿನ ಹೆಸರು ಇಟ್ಟಿದ್ದಾರೆ.

ಮೆಜೆಸ್ಟಿಕ್‌ನಲ್ಲಿ ದಾರಿ ತಪ್ಪದಿರಲು ಏನು ಮಾಡಬೇಕು?

ಮೊದಲ ಸಲ ಎಲ್ಲರಿಗೂ ಗಲಿಬಿಲಿ ಆಗುತ್ತದೆ. ನೇರಳೆ, ಹಸಿರು ಎರಡೂ ಬೇರೆ ಬೇರೆ ಅಂತಸ್ತಿನಲ್ಲಿ, ಒಂದರ ಮೇಲೊಂದು ಇವೆ. ರೈಲಿಂದ ಇಳಿದ ತಕ್ಷಣ ಜನರ ಹಿಂದೆ ಓಡಬೇಡಿ. ಕಂಬದ ಪಕ್ಕ ನಿಂತು ಬಣ್ಣದ ಫಲಕ ನೋಡಿ, ಆಮೇಲೆ ಎಸ್ಕಲೇಟರ್ ಹತ್ತಿ. ಹೊರಗೆ ಬಂದರೆ ಬಿಎಂಟಿಸಿ ಸ್ಟ್ಯಾಂಡ್ ಹತ್ತಿರವೇ ಇದೆ. ಒಂದು ಕಾಲದಲ್ಲಿ ಆ ಬಸ್ ಸ್ಟ್ಯಾಂಡ್ ಇರುವ ಜಾಗ ಧರ್ಮಾಂಬುಧಿ ಕೆರೆಯಾಗಿತ್ತು. ಮೆಜೆಸ್ಟಿಕ್ ಅನ್ನುವ ಹೆಸರು ಬಂದದ್ದು ಅಲ್ಲಿದ್ದ ಸಿನಿಮಾ ಥಿಯೇಟರಿನಿಂದ.

ಪ್ಲಾಟ್‌ಫಾರ್ಮಿನಿಂದ ಫೋನ್ ಹಳಿಗೆ ಬಿದ್ದರೆ?

ಇಳಿಯಬೇಡಿ. ಹಳಿಯ ಪಕ್ಕದಲ್ಲಿ 750 ವೋಲ್ಟ್ ವಿದ್ಯುತ್ ಹರಿಯುವ ಮೂರನೇ ಹಳಿ ಇದೆ. ತಂತಿ ಮೇಲೆ ಇಲ್ಲ ಅಂತ ಕರೆಂಟ್ ಇಲ್ಲ ಅಂದುಕೊಳ್ಳಬೇಡಿ. ಅಲ್ಲಿರುವ ಸಿಬ್ಬಂದಿಗೆ ಹೇಳಿ, ಅವರು ತೆಗೆದುಕೊಡುತ್ತಾರೆ. ಮಕ್ಕಳಿಗೆ ಇದನ್ನು ಮನೆಯಲ್ಲೇ ಹೇಳಿಕೊಡಿ.

ನಮ್ಮ ಬಡಾವಣೆಯಿಂದ ಸ್ಟೇಷನ್ನಿಗೆ ಬಸ್ಸಿಲ್ಲ. ಯಾರನ್ನು ಕೇಳೋದು?

ಹತ್ತಿರದ ಬಿಎಂಟಿಸಿ ಡಿಪೋಗೆ ಬರವಣಿಗೆಯಲ್ಲಿ ಅರ್ಜಿ ಕೊಡಿ. "ಬಸ್ಸು ಬೇಕು" ಅಂತ ಒಂದೇ ಸಾಲು ಬರೆದರೆ ಫೈಲಿನಲ್ಲಿ ಉಳಿಯುತ್ತದೆ. ನಮ್ಮ ಪರಿಚಯದ ಬಡಾವಣೆಯವರು ಒಂದು ಕೆಲಸ ಮಾಡಿದರು. ಇಬ್ಬರು ನಿವೃತ್ತರು ಒಂದು ವಾರ ಬೆಳಗ್ಗೆ ಏಳೂವರೆಯಿಂದ ಒಂಬತ್ತರ ತನಕ ಬಡಾವಣೆಯ ಕಮಾನಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂತು, ಸ್ಟೇಷನ್ ಕಡೆಗೆ ಆಟೋ ಹತ್ತುವವರನ್ನೂ ನಡೆದು ಹೋಗುವವರನ್ನೂ ಎಣಿಸಿದರು. ಹದಿನೈದು ನಿಮಿಷಕ್ಕೊಂದು ಗೆರೆ, ಮಗುವಿನ ಗಣಿತದ ನೋಟ್‌ಬುಕ್ಕಿನಲ್ಲಿ. ಬಸ್ಸು ತಿರುಗಿಸಲು ಎಲ್ಲಿ ಜಾಗ ಇದೆ, ಯಾವ ಮರದ ಕೊಂಬೆ ತಗಲುತ್ತದೆ ಅಂತಲೂ ಬರೆದರು. ಆ ಪುಟಗಳ ಜೆರಾಕ್ಸನ್ನೇ ಅರ್ಜಿಗೆ ಪಿನ್ ಮಾಡಿ ಕೊಟ್ಟರು. ಕೆಲವು ತಿಂಗಳ ಮೇಲೆ ಬೆಳಗ್ಗೆ ನಾಲ್ಕು, ಸಂಜೆ ನಾಲ್ಕು ಟ್ರಿಪ್ ಶುರುವಾಯಿತು. ಆ ಇಬ್ಬರೂ ಈಗಲೂ ವಾರಕ್ಕೊಮ್ಮೆ ಹೋಗಿ ಎಣಿಸುತ್ತಾರೆ, ಐದನೇ ಟ್ರಿಪ್ಪಿಗಾಗಿ.